ತಲೆ ತೆಗೆದರೂ ಒಡೆಯದ ಸಂಖ್ಯೆ

“ಮೂರರಿಂದ ಒಡೀತಾ ಇದೆ ಮೇಡಂ. ಬೇಕಿದ್ರೆ ನೀವೇ ಕೂಡಿಸಿ ನೋಡಿ, ಅಂಕಿಗಳ ಮೊತ್ತ ನಲವತ್ತೆಂಟು.”

ರೇಡಿಯೊ ನೋಡಿಕೊಳ್ಳುವ ರಿಯಾಜ್ ಹೀಗೆಂದು ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡ. ನಿಯಂತ್ರಣ ಕೊಠಡಿಯಲ್ಲಿ ಯಾರೂ ಕೂಡಿಸಿ ನೋಡಲಿಲ್ಲ. ಅಂಕಿಗಳ ಮೊತ್ತ ಮೂರರಿಂದ ಭಾಗವಾದರೆ ಸಂಖ್ಯೆಯೂ ಮೂರರಿಂದ ಭಾಗವಾಗುತ್ತದೆ ಎಂಬುದು ಮಿಡ್ಲ್‌ಸ್ಕೂಲಿನ ಪಾಠ, ಅದಕ್ಕೆ ವಿಜ್ಞಾನಿಗಳೇ ಬೇಕೆಂದಿಲ್ಲ. ಎಲ್ಲರ ಮುಖವೂ ಒಟ್ಟಿಗೇ ಇಳಿಯಿತು.

ಹಿಂದಿನ ಸಾಲಿನ ಕುರ್ಚಿಯ ತುದಿಯಲ್ಲಿ ಕೂತಿದ್ದ ಮಾರಕ್ಕ ಮಾತ್ರ ಇನ್ನೂ ನಗುತ್ತಿದ್ದಳು. ಚಳ್ಳಕೆರೆ ಪೇಟೆಯಲ್ಲಿ ಕಾಳಿನ ಮಂಡಿ ನಡೆಸುವ ಹೆಂಗಸು. ಒಂದೂವರೆ ದಿನದಿಂದ ಸುದ್ದಿಯೇ ಇಲ್ಲದಿದ್ದ ತಂಗಿಯ ದನಿ ಈಗಷ್ಟೇ ಆ ಸ್ಪೀಕರಿನಲ್ಲಿ, ಕಾದ ಬಾಣಲೆಗೆ ಸಾಸಿವೆ ಬಿದ್ದಂಥ ಚಟಪಟದ ನಡುವೆ, ಹನ್ನೊಂದು ಅಂಕಿಗಳನ್ನು ಹೇಳಿತ್ತು. ಬದುಕಿದ್ದಾಳೆ! ಚಂದ್ರನ ಹತ್ತಿರದಿಂದ ಮಾತಾಡಿದ್ದಾಳೆ! ಇದಕ್ಕಿಂತ ಇನ್ನೇನು ಬೇಕಿತ್ತು ಇವರಿಗೆ?

ಇವರಿಗೆ ಬೇಕಿದ್ದದ್ದು ಬೇರೆಯೇ ಇತ್ತು. ತಂಗಿ ದುರುಗಮ್ಮ, ಮನೆಯಲ್ಲಿ ದುಗ್ಗಿ, ಇನ್ನಿಬ್ಬರ ಜೊತೆ ಚಂದ್ರನನ್ನು ಸುತ್ತುತ್ತಿದ್ದ ‘ಬೆಳ್ಳಕ್ಕಿ’ ನೌಕೆಗೆ ಬಟಾಣಿ ಗಾತ್ರದ ಒಂದು ಕಲ್ಲು ಬಡಿದು, ದೊಡ್ಡ ರೇಡಿಯೊ, ದಾರಿ ತೋರುವ ಕಂಪ್ಯೂಟರು ಎರಡೂ ಸತ್ತಿದ್ದವು. ಒಬ್ಬನ ತೋಳು ಮುರಿದಿತ್ತು, ಇನ್ನೊಬ್ಬ ಅವನ ಆರೈಕೆಯಲ್ಲಿದ್ದ. ಇಷ್ಟನ್ನು ಅಂಕಿಗೆ ಮೊದಲು ದುಗ್ಗಿಯೇ ತುಂಡು ತುಂಡು ಮಾತಿನಲ್ಲಿ ತಿಳಿಸಿದ್ದಳು. ಉಳಿದದ್ದು ದುಗ್ಗಿ ಮತ್ತು ಟಿಫನ್ ಡಬ್ಬಿಯಷ್ಟು ದೊಡ್ಡ ತುರ್ತು ರೇಡಿಯೊ. ಆಕೆ ಕಿಟಕಿಯಿಂದ ನಕ್ಷತ್ರಗಳ ಕೋನ ಅಳೆದು ಹೇಳಬೇಕು, ಭೂಮಿಯ ಮೇಲಿನ ಯಂತ್ರ ಆ ಅಳತೆ ಹಿಡಿದು ಇಂಜಿನ್ನನ್ನು ಯಾವ ದಿಕ್ಕಿಗೆ, ಎಷ್ಟು ಸೆಕೆಂಡು ಉರಿಸಬೇಕೆಂದು ಲೆಕ್ಕ ಹಾಕಬೇಕು. ಒಂದು ಅಂಕಿ ತಪ್ಪಿದರೆ ನೌಕೆ ಭೂಮಿಯ ಪಕ್ಕದಿಂದ ಹಾದು ಹೋಗಿಬಿಡುತ್ತದೆ, ಮತ್ತೆ ಯಾರಿಗೂ ಸಿಗುವುದಿಲ್ಲ. ನೌಕೆಯ ಬ್ಯಾಟರಿ, ಒಳಗಿನ ಗಾಳಿ ಎರಡೂ ಮರಳಿ ಬರುವ ಮೂರು ದಿನಕ್ಕೆ ಸಾಕಾದರೆ ಹೆಚ್ಚು, ಇನ್ನೊಂದು ಸುತ್ತಿಗಿಂತ ಕಾಯುವಂತಿರಲಿಲ್ಲ.

ಹೇಳಿದ ಅಂಕಿ ಗದ್ದಲದಲ್ಲಿ ಕೆಟ್ಟಿಲ್ಲ ಎಂದು ಗೊತ್ತುಮಾಡಿಕೊಳ್ಳುವುದು ಹೇಗೆ? ಅದಕ್ಕೇ ಒಂದು ಪರೀಕ್ಷೆ ಇಟ್ಟಿದ್ದರು. ಅಳತೆಗೆ ಮೊದಲು ಗಗನಯಾನಿ ತನ್ನದೇ ಒಂದು ಒಡೆಯದ ಸಂಖ್ಯೆಯನ್ನು, ಪುಸ್ತಕದ ಮಾತಿನಲ್ಲಿ ಅವಿಭಾಜ್ಯವನ್ನು, ಹೇಳಬೇಕು. ಅದೂ ತಾಯ್ನುಡಿಯಲ್ಲಿ. ಜೀವ ಬಾಯಿಗೆ ಬಂದಾಗ ಕಲಿತ ಭಾಷೆ ಕೈಕೊಡಬಹುದು, ತೊಟ್ಟಿಲ ಭಾಷೆ ಕೊಡುವುದಿಲ್ಲ ಎಂದು ಯಾರೋ ಅನುಭವಸ್ಥರು ಮಾಡಿದ ನಿಯಮ. ಆ ಸಂಖ್ಯೆ ಯಾವುದೆಂದು ಕೆಳಗಿನವರಿಗೆ ಬೇಕೆಂದೇ ತಿಳಿಸುವುದಿಲ್ಲ. ತಿಳಿದಿದ್ದರೆ ಕಿವಿ ತನಗೆ ಬೇಕಾದದ್ದನ್ನೇ ಕೇಳಿಸಿಕೊಳ್ಳುತ್ತದೆ. ಹಿಂದೊಮ್ಮೆ ಹಾಗೆ ಕೇಳಿಸಿಕೊಂಡೇ ಒಂದು ನೌಕೆಯನ್ನು ಕಳೆದುಕೊಂಡಿದ್ದರು. ಯಂತ್ರಕ್ಕೆ ಗೊತ್ತಿರುವುದು ಇಷ್ಟೇ: ಕೇಳಿದ ಸಂಖ್ಯೆ ಒಡೆಯದಿದ್ದರೆ ಹಾದಿ ಶುದ್ಧ, ಒಡೆದರೆ ಎಲ್ಲೋ ಕಲಬೆರಕೆ, ಅದರ ಬೆನ್ನಿಗೆ ಬಂದ ಅಳತೆಯೆಲ್ಲ ತಿಪ್ಪೆಗೆ.

ಈಗ ಒಡೆದಿತ್ತು. ಒಂದು ಗಂಟೆ ಒಂಬತ್ತು ನಿಮಿಷಕ್ಕೆ ಬೆಳ್ಳಕ್ಕಿ ಚಂದ್ರನ ಹಿಂದೆ ಮರೆಯಾಯಿತು. ಇನ್ನು ನಲವತ್ತಾರು ನಿಮಿಷ ಸೊಲ್ಲಿಲ್ಲ.

ಮಾರಕ್ಕನಿಗೆ ಆ ಸಂಖ್ಯೆ ಗೊತ್ತಿತ್ತು. ಗೊತ್ತಿರಬಾರದಿತ್ತು, ಆದರೆ ಗೊತ್ತಿತ್ತು.

ಹೋದ ಸುಗ್ಗಿಯಲ್ಲಿ ಹತ್ತು ದಿನ ರಜೆಯ ಮೇಲೆ ಬಂದ ದುಗ್ಗಿ ಮಂಡಿಯಲ್ಲೇ ಠಿಕಾಣಿ ಹೂಡಿದ್ದಳು. ಆಗ ಮಾರಕ್ಕನ ಗಂಡ ಓಬಣ್ಣ ಕೇಳಿದ್ದ, “ಒಡಿಯಲ್ಲ ಅಂದ್ರೆ ಏನಮ್ಮ? ಸಂಖ್ಯೆ ಏನು ಮಡಕೆನಾ?”

ದುಗ್ಗಿ ಹನ್ನೆರಡು ಶೇಂಗಾಬೀಜ ಎಣಿಸಿ, ಮೂರು ಸಾಲಿನಲ್ಲಿ ನಾಲ್ಕು ನಾಲ್ಕರಂತೆ ಇಟ್ಟು ತೋರಿಸಿದಳು. “ಹನ್ನೆರಡು ಒಡೀತು. ಈಗ ತಗಳ್ಳಿ ಬಾವ, ಇನ್ನೊಂದು ಬೀಜ. ಹದಿಮೂರನ್ನ ಸಮಸಮ ಸಾಲು ಮಾಡಿ, ಒಂದೂ ಹೊರಗೆ ಉಳೀಬಾರ್ದು.”

ಓಬಣ್ಣ ಎರಡು ಸಾಲು ಮಾಡಿದ, ಮೂರು ಮಾಡಿದ, ನಾಲ್ಕು ಮಾಡಿದ. ಒಂದಲ್ಲ ಒಂದು ಬೀಜ ಅನಾಥವಾಗಿ ಉಳಿಯುತ್ತಲೇ ಇತ್ತು. ಕೊನೆಗೆ ಮೀಸೆ ತೀಡಿಕೊಂಡು ಉಳಿದ ಬೀಜವನ್ನು ಬಾಯಿಗೆ ಹಾಕಿಕೊಂಡ. “ಈಗಾತು ನೋಡು.”

“ನಂದು ಹದಿಮೂರಕ್ಕಿಂತ ಸ್ವಲ್ಪ ದೊಡ್ಡದು, ತಿಂದು ಮುಗಿಸಕ್ಕಾಗಲ್ಲ,” ಎಂದು ದುಗ್ಗಿ ಸೀಮೆಸುಣ್ಣ ತಗೊಂಡು ಮಂಡಿಯ ಗೋಡೆಯ ಮೇಲೆ ಬರೆದಳು: 357686312646216567629137.

“ಇದೇನೇ, ಊರಿನೋರ ಫೋನ್ ನಂಬರೆಲ್ಲ ಒಂದೇ ಸಾಲಿಗೆ ಬರ್ದಂಗೈತೆ!” ಅಂದಳು ಮಾರಕ್ಕ.

“ಅಕ್ಕ, ಇಷ್ಟು ನವಣೆ ಕಾಳು ತಂದ್ರೆ ಕರ್ನಾಟಕದ ತುಂಬ ಸುರೀಬೋದು. ಎಷ್ಟೆತ್ತರ ಗೊತ್ತಾ? ಐದಾರು ಕಿಲೋಮೀಟ್ರು. ದುರ್ಗದ ಕೋಟೆ ಕಾಣಲ್ಲ, ಮುಳ್ಳಯ್ಯನಗಿರಿ ತುದಿನೂ ಕಾಣಲ್ಲ, ಎಲ್ಲಾ ನವಣೆ ಒಳಗೆ. ಅಷ್ಟೂ ಕಾಳನ್ನ ಕೂತ್ಕಂಡು ಸಾಲು ಜೋಡ್ಸು. ಎರಡು ಸಾಲು ಮಾಡು, ಕೋಟಿ ಸಾಲು ಮಾಡು. ಸಮ ಆಗಲ್ಲ ಅಂದ್ರೆ ಆಗಲ್ಲ.”

ಮಾರಕ್ಕ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು.

“ಇನ್ನೂ ಐತೆ ತಡಿ,” ಎಂದು ದುಗ್ಗಿ ಸೀರೆಯ ಸೆರಗಿನಿಂದ ಮೊದಲನೆಯ ಮೂರನ್ನು ಅಳಿಸಿದಳು. “ತಲೆ ತೆಗೆದೆ. ಉಳಿದಿದ್ದೂ ಒಡಿಯಲ್ಲ.” ಐದನ್ನು ಅಳಿಸಿದಳು. “ಇದೂ ಒಡಿಯಲ್ಲ.” ಹಾಗೇ ಒಂದೊಂದು ತಲೆ ಹೋಗುತ್ತಾ ಬಂತು, ಪ್ರತಿ ಸಲವೂ ಅವಳದು ಅದೇ ಮಾತು. ಕೊನೆಗೆ ಗೋಡೆಯ ಮೇಲೆ 9137 ಉಳಿಯಿತು, ಆಮೇಲೆ 137, ಆಮೇಲೆ 37, ಆಮೇಲೆ ಬರೀ 7. “ಹಿಂಗಾಗಿ ರೇಡಿಯೊದಾಗೆ ಮೊದಲರ್ಧ ಕೇಳಿಸ್ಲಿಲ್ಲ ಅಂದ್ರೂ ಚಿಂತಿಲ್ಲ. ಎಲ್ಲಿಂದ ಕೇಳಿಸ್ಕೊಂಡ್ರೂ ಬಾಲ ನಿಜ ಹೇಳ್ತೈತೆ.”

“ಯಾರ್ ಮಾಡಿದ್ರೇ ಇದನ್ನ?”

“ಯಾರೂ ಮಾಡ್ಲಿಲ್ಲ ಕಣಕ್ಕ. ಇತ್ತು. ಹುಡುಕಿದ್ರು, ಅಷ್ಟೆ. ಈ ಜಾತೀವು ಒಟ್ಟು ನಾಕು ಸಾವಿರದ ಇನ್ನೂರ ಅರವತ್ತೇ ಇರಾದು. ಇದೇ ಎಲ್ಲಕ್ಕಿಂತ ದೊಡ್ಡದು. ಇದರ ಮುಂದೆ ಇನ್ಯಾವ ಅಂಕಿ ಇಟ್ರೂ ಒಡೆದು ಹೋಗ್ತೈತೆ.”

ಯಾರೂ ಮಾಡದ, ಯಾರೂ ಕೆಡಿಸಲಾಗದ ಒಂದು ವಸ್ತು ತನ್ನ ಮಂಡಿಯ ಗೋಡೆಯ ಮೇಲೆ, ಎಣ್ಣೆ ಕ್ಯಾಲೆಂಡರಿನ ಪಕ್ಕ ಇತ್ತಲ್ಲ ಎಂದು ಮಾರಕ್ಕ ಅವತ್ತು ಬಹಳ ಹೊತ್ತು ಆ ಸುಣ್ಣದ ಪುಡಿಯನ್ನೇ ನೋಡಿದಳು. ಲೆಕ್ಕ ಅವಳಿಗೆ ಪೂರಾ ತಿಳಿಯಿತೋ ಇಲ್ಲವೋ, ಮೈ ಮಾತ್ರ ಜುಮ್ಮೆಂದಿತ್ತು. ಮರುದಿನದಿಂದ ಅಕ್ಕ ತಂಗಿ ನವಣೆ ಅಳೆಯುವಾಗ ಸೇರಿಗೊಂದು ಅಂಕಿಯಂತೆ ಅದನ್ನೇ ಹೇಳಿಕೊಂಡರು. ಸೇರು ಚೀಲಕ್ಕೆ ಬೀಳುವ ಸದ್ದೇ ತಾಳ. ರಜೆ ಮುಗಿಯುವಷ್ಟರಲ್ಲಿ ಮಾರಕ್ಕನಿಗೂ ಬಾಯಿಪಾಠ. ಯಾರಿಗೂ ಹೇಳಬಾರದು ಎಂಬ ನಿಯಮವಿತ್ತಂತೆ. ಅಕ್ಕ ‘ಯಾರೋ’ ಅಲ್ಲವಲ್ಲ!

“ಕೈಯಿಂದಲೇ ಒಪ್ಪಿಸಿಬಿಡೋಣ ಮೇಡಂ.” ರಿಯಾಜನ ದನಿ ಮಾರಕ್ಕನನ್ನು ಮಂಡಿಯಿಂದ ಎಬ್ಬಿಸಿ ತಂದಿತು. “ಪರೀಕ್ಷೆ ಬಿಟ್ಟು ಅಳತೆ ಒಳಗೆ ಹಾಕೋಣ. ಅಳತೆಯಾದ್ರೂ ಸ್ಪಷ್ಟವಾಗೇ ಕೇಳ್ಸಿದೆ. ನಾಲ್ಕು ನಾಲ್ಕು ಎರಡು, ಆಮೇಲೆ...”

ಕೇಂದ್ರದ ಮುಖ್ಯಸ್ಥೆ ಪ್ರಫುಲ್ಲಾ ಶೆಣೈ ಉಡುಪಿ ಕಡೆಯವರು, ಕನ್ನಡಕ ಹಣೆಗೇರಿಸಿದರೆ ಯೋಚಿಸುತ್ತಿದ್ದಾರೆಂದು ಅರ್ಥ. “ಒಡೆದದ್ದನ್ನು ಒಪ್ಪುವುದು ಹೇಗೆ ಮಾರಾಯ್ರೆ? ಬಿಟ್ಟರೆ ಬೇರೆ ಎಂತ ಉಂಟು, ಅದೂ ಗೊತ್ತಾಗುವುದಿಲ್ಲ.” ಕೈ ಮಾತ್ರ ಪರೀಕ್ಷೆಯನ್ನು ದಾಟಿಸುವ ಕೀ ಇದ್ದ ಡ್ರಾಯರಿನ ಕಡೆಗೆ ಹೋಗುತ್ತಿತ್ತು.

“ಅಲ್ಲ, ತಪ್ಪೇನೈತೆ ಅದರಾಗೆ?” ಮಾರಕ್ಕ ಎದ್ದು ನಿಂತೇಬಿಟ್ಟಳು. “ಸರಿಯಾಗೇ ಹೇಳಿದ್ಲಲ್ಲ ನಮ್ ದುಗ್ಗಿ! ಆ ಅಂಕಿ ನಂಗೂ ಬಾಯಿಗ್ ಬತ್ತೈತೆ.”

ಎಲ್ಲರೂ ತಿರುಗಿ ನೋಡಿದರು. ಶೆಣೈ ಮೇಡಂ ನಿಟ್ಟುಸಿರಿಟ್ಟರು. “ಅಮ್ಮಾ, ನಿಮಗೆ ಅದು ಗೊತ್ತಿರಬಾರದಿತ್ತು. ಗೊತ್ತಿರುವುದಕ್ಕೇ ನಿಮಗೆ ಸರಿಯಾಗಿ ಕೇಳಿದ ಹಾಗೆ ಅನಿಸುವುದು. ಆ ಮೋಸ ಬೇಡ ಅಂತಲೇ ನಮಗೆ ಯಾರಿಗೂ ಹೇಳುವುದಿಲ್ಲ.”

“ನನ್ ಕಿವಿ ಮೋಸ ಮಾಡಲ್ಲ ತಾಯಿ. ಕಾಳು ಉದುರೋ ಸದ್ದಲ್ಲೇ ಹುಳಾ ಬಿದ್ದೈತಾ ಇಲ್ವಾ ಹೇಳ್ತೀನಿ.”

ರಿಯಾಜ್ ಸಮಾಧಾನ ಮಾಡುವ ದನಿಯಲ್ಲಿ ಪರದೆ ತೋರಿಸಿದ. “ನೋಡಿ ಅಮ್ಮಾ, ಮಿಷನ್ ಬರ್ಕೊಂಡಿದೆ. ಒಂದು, ಆರು, ಐದು, ಆರು, ಆರು, ಆರು, ಎರಡು...”

“ಅದ್ಯಾಕೆ ಆರು ಆರು ಆರು ಅಂತ ಕುಟ್ತೈತೆ? ಅವಳಂದಿದ್ದು ಆರು, ಮತ್ತೊಂದು, ಆರು.”

“ಅದೇ ಅಲ್ವಾ? ಆರು, ಮತ್ತೊಂದು ಆರು, ಮತ್ತೆ ಆರು. ಕೊನೇಲೂ ಮೂರು, ಮತ್ತೊಂದು ಮೂರು.”

“ಅಯ್ಯೋ, ಮೂರು ಆಮೇಲೆ ಮತ್ತೊಂದು!”

“ಮತ್ತೊಂದು ಏನು?”

“ಮತ್ತೊಂದು ಏನು ಅಂದ್ರೆ? ಮತ್ತೊಂದು!”

“ಅದೇ ಅಮ್ಮಾ, ಯಾವುದು ಮತ್ತೊಂದು?”

“ಎಂಥಾ ಓದಿದ ಜನಾನಪ್ಪ ನೀವು! ಆರಾದ ಮೇಲೆ, ಎಂಟಕ್ಕೆ ಮುಂಚೆ ಏನ್ ಬತ್ತೈತೆ? ಮತ್ತೊಂದು!”

ಶೆಣೈ ಮೇಡಮ್ಮಿನ ಕನ್ನಡಕ ಹಣೆಯಿಂದ ಜಾರಿ ಮೂಗಿನ ಮೇಲೆ ಕೂತಿತು. “ಏಳು?”

“ಶ್!” ಮಾರಕ್ಕ ಗಾಬರಿಯಿಂದ ಬಾಯಿ ಮುಚ್ಚಿಕೊಂಡಳು. “ಅಳೆಯೋವಾಗ ಆ ಮಾತು ಅಂತಾರಾ? ಅಂದ್ರೆ ಲಕ್ಷ್ಮಿ ಎದ್ದು ಹೋಗಲ್ವಾ? ಐದು, ಆರು, ಮತ್ತೊಂದು, ಎಂಟು. ನಮ್ಮವ್ವ ಹಂಗೇ ಅಳೆದಿದ್ದು, ನಾವೂ ಹಂಗೇ.”

“ಆದರೆ ತರಬೇತಿಯಲ್ಲಿ ಏಳು ಅಂತಲೇ ಹೇಳುತ್ತಿದ್ದಳಲ್ಲ!”

“ಅಲ್ಲೇನು ಅಳೀತಿದ್ಲಾ? ಸ್ಕೂಲಿನ ಪಾಠ ಒಪ್ಪಿಸ್ದಂಗೆ ಒಪ್ಸಿರ್ತಾಳೆ. ಈಗ ಎದುರಿಗೆ ಗಾಳಿ ಡಬ್ಬಿ ಇಟ್ಕಂಡು, ಎಷ್ಟುಳೀತು ಎಷ್ಟುಳೀತು ಅಂತ ಮೂರು ಜೀವದ ಉಸಿರನ್ನೇ ಅಳೀತಾ ಕೂತವ್ಳೆ. ನಾಲಗೆ ಮೇಲೆ ಆ ಮಾತು ಬತ್ತೈತಾ?”

ರಿಯಾಜನ ಬೆರಳು ಆಗಲೇ ಕೀಲಿಗಳ ಮೇಲೆ ಓಡುತ್ತಿತ್ತು. 16567629137. ಪರದೆಯಲ್ಲಿ ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಒಂದೇ ಪದ ಮೂಡಿತು: ಅಖಂಡ.

ರಿಯಾಜ್ ಮೆಲ್ಲಗೆ ಅಳತೆಯ ಸಾಲಿಗೆ ಹೋಗಿ, ದುಗ್ಗಿಯ ದನಿಯ ಮುದ್ರಿಕೆ ಹಾಕಿದ. “ನಾಲ್ಕು, ಮತ್ತೊಂದು, ಎರಡು...” ಯಂತ್ರ ನಾನೂರ ನಲವತ್ತೆರಡು ಎಂದು ಬರೆದುಕೊಂಡದ್ದು ನಿಜವಾಗಿ ನಾನೂರ ಎಪ್ಪತ್ತೆರಡು. ಪರೀಕ್ಷೆ ಬಿಟ್ಟು ಕೈಯಿಂದ ಒಪ್ಪಿಸಿದ್ದರೆ, ಆ ಎರಡು ಸಂಖ್ಯೆಗಳ ಸಂದಿನಲ್ಲಿ ಮೂರು ಜನ ಕಾಣೆಯಾಗುತ್ತಿದ್ದರು. ಶೆಣೈ ಮೇಡಂ ಡ್ರಾಯರಿನಿಂದ ಕೈ ತೆಗೆದು, ಬಿಸಿ ತಾಗಿದವರಂತೆ ಬೆರಳುಗಳನ್ನು ನೋಡಿಕೊಂಡರು.

“ನಾವು ಸುಳ್ಳು ಕೇಳಿಸಿಕೊಂಡ್ವಿ. ಸಂಖ್ಯೆ ಒಪ್ಪಲಿಲ್ಲ,” ಅಂದರು, ಯಾರಿಗೋ ಅಲ್ಲ, ತಮಗೇ.

ಒಂದು ಐವತ್ತೈದಕ್ಕೆ ಬೆಳ್ಳಕ್ಕಿ ಚಂದ್ರನ ಅಂಚಿನಿಂದ ಹೊರಬಂತು. ಈ ಸಲ ಚಟಪಟ ಕಡಿಮೆ. ಆರನೆಯ ಸಲ ಕರೆದಾಗ ಉತ್ತರ ಬಂತು, ಸೋತ ದನಿ, ಮೊದಲಿನಿಂದ ಕೊನೆಯವರೆಗೆ ಇಪ್ಪತ್ತನಾಲ್ಕೂ ಅಂಕಿ. ಮಾರಕ್ಕನ ತುಟಿ ಜೊತೆಗೇ ಆಡುತ್ತಿತ್ತು. ಮೂರು, ಐದು, ಮತ್ತೊಂದು, ಆರು, ಎಂಟು... ಎಲ್ಲೋ ಒಂದು ಸೇರು ಚೀಲಕ್ಕೆ ಬೀಳುತ್ತಿದ್ದಂತೆ ಅಂಕಿ ಅಂಕಿಯ ನಡುವೆ ಅಷ್ಟೇ ಬಿಡುವು.

ಮತ್ತೊಂದು ಎಂದರೆ ಏಳು ಎಂದು ಈಗ ಕಲಿತಿದ್ದ ಯಂತ್ರ ಬಾಲದ ಕಡೆಯಿಂದ ಪರೀಕ್ಷೆ ಶುರುಮಾಡಿತು. 7: ಅಖಂಡ. 37: ಅಖಂಡ. 137: ಅಖಂಡ. 9137: ಅಖಂಡ. 29137. 629137. ಪರದೆಯ ಮೇಲೆ ಒಂದೊಂದೇ ಮೆಟ್ಟಿಲು ಅಗಲವಾಗುತ್ತಾ ಬಂತು. ಹನ್ನೆರಡು ಮೆಟ್ಟಿಲಿಗೆ ರಿಯಾಜ್ ಎದ್ದು ನಿಂತ. ಹದಿನೆಂಟಕ್ಕೆ ಉಳಿದವರೂ ನಿಂತರು. ಇಪ್ಪತ್ತನಾಲ್ಕನೆಯದು ಪರದೆಯ ಈ ತುದಿಯಿಂದ ಆ ತುದಿಗೆ ಚಾಚಿಕೊಂಡಿತು. ಭೂಮಿ ಹುಟ್ಟುವ ಮೊದಲೂ ಅದು ಹೀಗೇ ಇತ್ತು. ಎಣಿಸುವವರು ಒಬ್ಬರೂ ಇಲ್ಲದ ಕಾಲದಲ್ಲೂ ಆ ಮೆಟ್ಟಿಲುಗಳಲ್ಲಿ ಒಂದಕ್ಕೂ ಬಿರುಕಿರಲಿಲ್ಲ. ಯಾರೋ ಹತ್ತಿ ಬರಲೆಂದು ಕಾದಂತೆ ಕತ್ತಲಲ್ಲಿ ಸುಮ್ಮನೆ ಇತ್ತು. ಮಾರಕ್ಕ ತನಗರಿವಿಲ್ಲದೆ ಚಪ್ಪಲಿ ಬಿಟ್ಟು ನಿಂತಿದ್ದಳು.

ಅಳತೆ ಬಂತು, ಲೆಕ್ಕವಾಯಿತು, ಉತ್ತರ ಮೇಲೆ ಹೋಯಿತು. ಚಂದ್ರನ ಹಿಂದೆ ಹೋದ ಹತ್ತೊಂಬತ್ತನೆಯ ನಿಮಿಷಕ್ಕೆ ದುಗ್ಗಿಯೇ ಕೈಯಿಂದ ಇಂಜಿನ್ ಹೊತ್ತಿಸಬೇಕು. ಮರೆಯಾಗಲು ಇನ್ನು ಅರ್ಧ ನಿಮಿಷವಿರುವಾಗ ಶೆಣೈ ಮೇಡಂ ಮೈಕನ್ನು ಮಾರಕ್ಕನ ಮುಂದಿಟ್ಟರು. “ನಿಮ್ಮ ತಂಗಿ. ಬೇಗ ಹೇಳಿ.”

ಮಾರಕ್ಕ ಮೈಕಿನ ಮೇಲೆ ಬಗ್ಗಿದಳು. “ದುಗ್ಗೀ... ಯಾಕೇ ಹಂಗಂದೆ? ಇವರಿಗೆ ತಿಳೀದೇ ಹೋಗಿತ್ತಲ್ಲೇ.”

ಎರಡೂವರೆ ಸೆಕೆಂಡು ಮೌನ, ಮಾತು ಚಂದ್ರನಿಗೆ ಹೋಗಿ ಬರುವಷ್ಟು. “ಬಾಯಿಗೆ ಬರ್ಲಿಲ್ಲ ಕಣಕ್ಕ. ಉಳಿದಿರಾದೇ ಇಷ್ಟು. ಇದರ ಮುಂದೆ ಕೂತು ಆ ಮಾತು ಹೆಂಗನ್ಲಿ?”

“ನಾನಂತೀನಿ ತಗ.” ಮಾರಕ್ಕ ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು. ಐವತ್ತೆರಡು ವರ್ಷ ಸೇರು ಹಿಡಿದ ಕೈ. “ಏಳು. ಕೇಳಿಸ್ತಾ? ಏಳು ದುಗ್ಗಿ. ಅಲ್ಲಿಂದ ಎದ್ದು ಬಾ.”

ಉತ್ತರ ಬರುವಷ್ಟರಲ್ಲಿ ಚಂದ್ರ ಅಡ್ಡ ಬಂದಿದ್ದ. ಮೂರು ಗಂಟೆ ಏಳು ನಿಮಿಷ.

ಕಾಯುವ ಹೊತ್ತಿನಲ್ಲಿ ಕೇಂದ್ರದ ಫೋನಿನಿಂದ ಮಂಡಿಗೆ ಫೋನ್ ಮಾಡಿಸಿಕೊಟ್ಟರು. ಓಬಣ್ಣನ ಹಿಂದೆ ಸಂತೆಯಷ್ಟು ಗದ್ದಲ.

“ಮಂಡಿ ತುಂಬ ಜನ ಕಣೇ. ಒಬ್ರೂ ಕಾಳು ಕೇಳ್ತಿಲ್ಲ, ಎಲ್ಲಾ ಟೀ ಕೇಳ್ತಾರೆ. ಪಕ್ಕದ ಬೀದಿ ಮುದುಕಿ ಬಂದು, ಚಂದ್ರ ಹಗಲೇ ಕಾಣ್ತಾವ್ನೆ, ನಿಮ್ ಹುಡುಗೀನ ಬಿಟ್ಟು ಬರಕ್ಕೆ ಬಂದಿರ್ಬೇಕು ಅಂತಾಳೆ. ಏನಾತು ಹೇಳು.”

“ರೀ, ನಾನು ಮೈಕಿನಾಗೆ ಆ ಮಾತು ಅಂದ್ಬಿಟ್ಟೆ.” ಮಾರಕ್ಕ ಫೋನನ್ನು ಬಾಯಿಗೆ ಹತ್ತಿರ ಹಿಡಿದಳು. “ಆರಾದ ಮೇಲಿಂದು. ಅವಳಿಗೆ ಧೈರ್ಯ ಬರ್ಲಿ ಅಂತ ಅಂದೆ. ಅಂದ ಮೇಲೆ ಭಯ ಆಗ್ತೈತೆ. ಏನಾದ್ರೂ ಹೆಚ್ಚು ಕಮ್ಮಿ ಆದ್ರೆ ನನ್ ಬಾಯಿಂದಲೇ...”

ಆ ಕಡೆ ಓಬಣ್ಣ ಯಾರಿಗೋ ‘ಸುಮ್ನಿರ್ರೋ’ ಅಂದದ್ದು ಕೇಳಿಸಿತು. ಗದ್ದಲ ನಿಂತಿತು.

“ನೋಡು, ಆ ಮಾತಂದ್ರೆ ಎದ್ದು ಹೋಗ್ತಾರೆ ಅಂತ ತಾನೆ ಭಯ? ಎಲ್ಲಿಂದ ಎದ್ದು ಹೋಗ್ಬೇಕು ಅವಳು? ಆ ಹಾಳು ಚಂದ್ರನಿಂದ. ಬರಾದೆಲ್ಲಿಗೆ? ಇಲ್ಲಿಗೆ. ನಾನಾಗಿದ್ರೆ ಏಳೇಳು ಅಂತ ಎರಡ್ ಸಲ ಅಂತಿದ್ದೆ.” ಆಮೇಲೆ ಬೇರೆಯೇ ದನಿಯಲ್ಲಿ ಕೇಳಿದ, “ಎಷ್ಟೊತ್ತಿಗೆ ಗೊತ್ತಾಗ್ತೈತೆ?”

“ಸರಿಯಾಗಿ ಉರಿದ್ರೆ ಮೂರು ನಲವತ್ನಾಕಕ್ಕೆ ದನಿ ಬತ್ತೈತಂತೆ. ಉರೀಲಿಲ್ಲ ಅಂದ್ರೆ ಒಂಬತ್ತು ನಿಮಿಷ ತಡ. ಸುತ್ತೋ ದಾರೀಲೇ ಸುತ್ಕಂಡು.”

“ಹಂಗಾರೆ ಫೋನ್ ಇಡ್ಬೇಡ. ಮಾತಾಡೋದೇನು ಬ್ಯಾಡ, ಹಿಡ್ಕಂಡಿರು.”

ಹಿಡಿದುಕೊಂಡೇ ಇದ್ದಳು. ಮೂರು ನಲವತ್ತೆರಡು. ಶೆಣೈ ಮೇಡಂ ಗೋಡೆ ಗಡಿಯಾರ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದರು. ಮೂರು ನಲವತ್ಮೂರು. ರಿಯಾಜ್ ಕಣ್ಣು ಮುಚ್ಚಿ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಿದ್ದ. ಸ್ಪೀಕರಿನಲ್ಲಿ ಬರೀ ಸುಂಯ್‌ಗುಟ್ಟುವಿಕೆ. ಮೂರು ನಲವತ್ನಾಲ್ಕು. ಸುಂಯ್. ಮೂರು ನಲವತ್ನಾಲ್ಕು ದಾಟಿ ಹತ್ತು ಸೆಕೆಂಡು. ಇಪ್ಪತ್ತು.

“...ಎದ್ವಿ ಕಣಕ್ಕ.”

ಫೋನಿನ ಆ ಕಡೆಯಿಂದ ಇಡೀ ಚಳ್ಳಕೆರೆ ಕೂಗಿಕೊಂಡಿತು. ಈ ಕಡೆ ಶೆಣೈ ಮೇಡಂ ಇದ್ದಲ್ಲೇ ನೆಲದ ಮೇಲೆ ಕೂತುಬಿಟ್ಟರು. ರಿಯಾಜ್ ಮೈಕನ್ನು ಮಾರಕ್ಕನ ಕಡೆ ತಳ್ಳಿದ.

“ಉಂಡ್ಯೇನೇ?”

ಎರಡೂವರೆ ಸೆಕೆಂಡು. “ಇನ್ನೂ ಇಲ್ಲ. ಇವರಿಬ್ರಿಗೆ ಮೊದಲು ತಿನ್ನುಸ್ತೀನಿ. ಬರಕ್ಕೆ ಮೂರು ದಿನ ಆಗ್ತೈತೆ ಅಕ್ಕ.”

“ಆಗ್ಲಿ. ನಿಧಾನಕ್ಕೆ ಬಾ.”

ಹೊರಗೆ ಬಂದಾಗ ಕೇಂದ್ರದ ಸುತ್ತ ದನ ಮೇಯುವ ಕಾವಲಿನ ಹುಲ್ಲು ಬಿಸಿಲಿಗೆ ಹೊಳೆಯುತ್ತಿತ್ತು. ನೆತ್ತಿಯ ಈಚೆಗೆ, ಸುಣ್ಣ ಬಳಿದಷ್ಟು ತೆಳುವಾಗಿ ಅರ್ಧ ಚಂದ್ರ. ಅವನ ಕಡೆ ಮುಖ ಮಾಡಿದ್ದ ದೊಡ್ಡ ಆಂಟೆನಾ ಬೋಗುಣಿ ಗುರ್ರೆಂದು ಒಂದು ಗೇಣು ತಿರುಗಿತು. ಅದರ ನೆರಳಿನಲ್ಲಿ ಮಲಗಿದ್ದ ಕಂದು ನಾಯಿ ಮೈಮೇಲೆ ಬಿಸಿಲು ಬೀಳುತ್ತಲೇ ಎದ್ದು, ನೆರಳು ಸರಿದಷ್ಟೇ ದೂರ ನಡೆದುಹೋಗಿ ಮತ್ತೆ ಮಲಗಿತು.